ಜೈನಾಪುರದ ನೀರಿಗೆ ಯಾವ ಪಂಖಾ?

ವಿಜಯಪುರದಾಗ ಬೋಟಿನ ಮೆಕ್ಯಾನಿಕ್ ಇದ್ದೆ ಅಂತ ಹೇಳಿದ್ರ ಮಂದಿ ಪೈಲೆ ನಗತಾರ, ಆಮ್ಯಾಲ ನನ್ನ ಮುಖಾ ನೋಡ್ತಾರ, ನೋಡಿ ಮತ್ತ ನಗತಾರ. ನಮ್ಮ ಮಾವನೋರಂತೂ ಕಡೀತನಕ ನಂಬಲಿಲ್ಲ. "ಕುಡಿಯೂ ನೀರಿಗೆ ನಳದ ಮುಂದ ಪಾಳಿ ಹಚ್ಚೂ ಊರಾಗ ಬೋಟ್ ರಿಪೇರಿ ಮಾಡ್ತಾನಂತ! ಅಳಿಯಾ ಸುಳ್ಳ ಹೇಳಿದ್ರೂ ಹೊಂದೂವಂಥಾದ್ದ ಹೇಳಬೇಕು" ಅಂತಿದ್ರು. ಖರೇನ ಐತಿ. ನೆರಿ ಬಂದಾಗ ಮಂದಿನ್ನ ಉಳಸೂ ನಮ್ಮ ಇಲಾಖೆದ ವರ್ಕ್‌ಶಾಪ್ ಇದ್ದದ್ದು ಶಹರದಾಗ, ಬೇವಿನ ಗಿಡದ ಕೆಳಗ. ಬೋಟುಗಳು ಟ್ರೇಲರ್ ಮ್ಯಾಲ ಧೂಳ ಹೊತಗೊಂಡ ಕುಂತಿರ್ತಿದ್ವು. ಅವಕ್ಕ ನೀರ ತೋರಸಬೇಕಂದ್ರ ಬಬಲೇಶ್ವರ ದಾಟಿ ಜೈನಾಪುರದ ಕಡೆ, ಕೃಷ್ಣಾ ನದಿ ಹಿನ್ನೀರಿಗೆ ಎಳಕೊಂಡ ಹೋಗಬೇಕು. ಮಳಿಗಾಲದಾಗ ಅಲ್ಲೆ ನೀರ ಏರತೈತಿ, ಮಂದಿ ಸಿಕ್ಕೊಂತಾರ, ಆವಾಗ ಎಲ್ಲಾರಿಗೂ ನಮ್ಮ ನೆನಪ ಬರ್ತೈತಿ.

ಈಗ ನಾ ರಿಟೈರ್ ಆಗಿ ಹೊನವಾಡದಾಗ ಕುಂತೇನಿ. ಹೊಸದಾಗಿ ಕೆಲಸಕ್ಕ ಸೇರಿದ ಹುಡುಗರು, ಹುಡುಗ್ಯಾರು ಫೋನ್ ಮಾಡಿ ಕೇಳ್ತಾರ: "ಸರ್, ಜೋರ ಓಡೂ ಬೋಟಿಗೆ ಯಾವ ಪ್ರೊಪೆಲ್ಲರ್ ಹಾಕೂದ್ರಿ? ಹಬ್ ಯಾವದ್ ಚಲೋ?" ಫೋನಿನ್ಯಾಗ ಹೇಳಿ ಮುಗಿಸೂ ಮಾತಲ್ಲ ಅದು. ಅದಕ್ಕ ಬರಿಯಾಕ ಕುಂತೇನಿ. ನಾ ಯಾವಾಗ ಯಾವ ಹುದ್ದಾಕ್ಕ ಏರಿದೆ ಅನ್ನೂದನ್ನ ಬಿಟ್ಟಬಿಡ್ರಿ, ಅದು ನನ್ನ ಹೆಂಡ್ತಿಗೂ ನೆನಪಿಲ್ಲ.

ಪ್ರೊಪೆಲ್ಲರಿಗೆ ನಮ್ಮ ವರ್ಕ್‌ಶಾಪಿನ್ಯಾಗ ಪಂಖಾ ಅಂತಿದ್ವಿ. ಒಮ್ಮೆ ಒಂದು ಪಂಖಾದ ಅಂಚು ಕಲ್ಲಿಗೆ ಬಡದು ಮೊಂಡ ಆಗಿತ್ತು. ಮನ್ಯಾಗ ಕುಂತ ಅರ ಹಿಡದ ತಿಕ್ಕಿದ್ರಾತು ಅಂತ ಹೊನವಾಡಕ್ಕ ಒಯ್ದಿದ್ದೆ. ಮರದಿನ ಅದನ್ನ ತೊಡೀಮ್ಯಾಲ ಇಟಗೊಂಡ ಬಸ್ಸಿನ್ಯಾಗ ಕುಂತೆ. ಕಂಡಕ್ಟರ್ ಬಂದು, "ಏನ್ರೀ ಇದು, ಫ್ಯಾನೇನ್ರಿ?" ಅಂದ. "ಹೌದ್ರಿ, ನೀರಾಗಿನ ಫ್ಯಾನು" ಅಂದೆ. "ನೀರಿಗೂ ಸೆಕಿ ಆಗಾಕತ್ತೈತೇನ್ರಿ ಈಗ?" ಅಂದ. ಇಡೀ ಬಸ್ ನಕ್ಕಿತು. ತಿಕೋಟಾದಾಗ ಹತ್ತಿದ ಒಬ್ಬಾಕಿ ಮುದುಕಿ ಅದರ ಎಲಿ ಎಲಿ ಮುಟ್ಟಿ ನೋಡಿ, "ಯಪ್ಪಾ, ನಮ್ಮ ದ್ರಾಕ್ಷಿ ಪಡದಾಗ ಔಷಧ ಹೊಡಿಯೂ ಬ್ಲೋವರಿಗೂ ಹಿಂತಾದ್ದ ಐತಿ. ಅದು ಗಾಳಿ ಹಿಂದಕ್ಕ ತಳ್ಳತೈತಿ, ಇದು ನೀರ ತಳ್ಳತೈತಿ, ಹೌದಲ್ಲ?" ಅಂದಳು. ಹೌದಬೇ ಯವ್ವಾ, ಅಷ್ಟ.

ಅಷ್ಟ, ಆದ್ರ ಎಷ್ಟ ತಳ್ಳಬೇಕು ಅನ್ನೂದ್ರಾಗ ಎಲ್ಲಾ ಐತಿ. ಕಟಗ್ಯಾಗ ಸ್ಕ್ರೂ ತಿರುವಿದ್ರ ಒಂದ ಸುತ್ತಿಗೆ ಇಷ್ಟ ಅಂತ ಒಳಗ ಹೊಕ್ಕೈತಿ ನೋಡ್ರಿ, ಹಂಗ ಪಂಖಾ ಒಂದ ಸುತ್ತಿಗೆ ಬೋಟನ್ನ ಎಷ್ಟ ಮುಂದ ಒಯ್ಯಬೇಕು ಅನ್ನೂದಕ್ಕ ಪಿಚ್ ಅಂತಾರ. ಪಿಚ್ ಹೆಚ್ಚಿದ್ರ ಖಾಲಿ ಬೋಟ್ ಜೋರ ಓಡ್ತೈತಿ. ಅದ ಬೋಟಿಗೆ ಭಾರ ಹೇರಿದ್ರ ಎಂಜಿನ್ ದಮ್ಮ ಹತ್ತಿದಂಗ ಉಬ್ಬಸ ಬಿಡ್ತೈತಿ. ಟಾಪ್ ಗೇರಿನ್ಯಾಗ ಟ್ರ್ಯಾಕ್ಟರ್ ದಿಬ್ಬಾ ಏರಿಸಿದವ್ರಿಗೆ ಇದನ್ನ ಬಿಡಿಸಿ ಹೇಳೂದ ಬ್ಯಾಡ. ಹಂಗಂತ ಪಿಚ್ ಭಾಳ ಕಡಿಮಿ ಮಾಡಿದ್ರ ಎಂಜಿನ್ ಹುಚ್ಚ ಹಿಡದಂಗ ಸುತ್ತತೈತಿ, ಬೋಟ್ ಮಾತ್ರ ಸಾವಕಾಶ ಹೊಕ್ಕೈತಿ. ದಿನಾ ಹೊರೂ ಭಾರ ಹೇರಿ, ಪೂರಾ ಎಕ್ಸಲೇಟರ್ ಕೊಟ್ಟಾಗ, ಎಂಜಿನ್ ಕಂಪನಿಯವ್ರು ಹೇಳಿದ ಸುತ್ತು ಮೀಟರಿನ್ಯಾಗ ಬರೋಬ್ಬರಿ ಬರಬೇಕು. ಬಂದ್ರ ಆ ಪಂಖಾ ನಿಮ್ಮದು. ಉಳದದ್ದೆಲ್ಲಾ ಬರೀ ಮಾತು.

ಇನ್ನ ಹಬ್. ಪಂಖಾದ ನಡುವಿನ ಗುಂಬ ಅದು, ಎಂಜಿನ್ನಿನ ದಂಡ ಅದರೊಳಗ ಕೂಡ್ತೈತಿ. ಹಳೇ ಪದ್ಧತಿದಾಗ ಗುಂಬದೊಳಗ, ನಡುವ ಹಿತ್ತಾಳಿ ಇರೂ ರಬ್ಬರ್ ಬುಶ್ ಒತ್ತಿ ಕೂಡ್ರಿಸಿರ್ತಾರ. ಪಂಖಾ ಕಲ್ಲಿಗೋ ಬೊಡ್ಡಿಗೋ ಬಡದ್ರ ರಬ್ಬರ್ ಜಾರತೈತಿ, ಗೇರ್ ಉಳೀತೈತಿ. ಹೊಸ ಪದ್ಧತಿದಾಗ ರಬ್ಬರ್ ಬದಲಿ ಪ್ಲಾಸ್ಟಿಕ್ಕಿನ ತೋಳ, ಅಂದ್ರ ಅಂಗಿ ತೋಳಿನಂಥಾ ಕೊಳವಿ, ಇರ್ತೈತಿ. ಪೆಟ್ಟ ಬಿದ್ರ ಅದು ಮುರೀತೈತಿ, ಒಂದ ಪಾನಾ, ಅಂದ್ರ ಸ್ಪ್ಯಾನರ್, ಇದ್ರ ನಿಂತಲ್ಲೇ ಬದಲಿ ಮಾಡಬಹುದು. ಮೂರನೇದ್ದು ಗಟ್ಟಿ ಹಬ್. ಅದರಾಗ ಜಾರೂದಿಲ್ಲ, ಮುರಿಯೂದಿಲ್ಲ. ಪಂದ್ಯದ ಬೋಟಿನವ್ರು ಹಾಕ್ತಾರ. ಪೆಟ್ಟ ಬಿತ್ತಂದ್ರ ಸೀದಾ ಗೇರಿಗೆ ಹೊಕ್ಕೈತಿ.

ರಬ್ಬರಿನ ಸುದ್ದಿ ಬಂತಂದ್ರ ಸಿದ್ದಪ್ಪನ ಸುದ್ದಿ ಬರ್ಲೇಬೇಕು. ಅಂವ ಬಿಜ್ಜರಗಿಯಂವ, ನನ್ನ ಜೋಡಿ ಕೆಲಸ ಮಾಡತಿದ್ದ. ಇಲಾಖೆಗೆ ಬರೂಕಿಂತ ಮುಂಚೆ ಟ್ರ್ಯಾಕ್ಟರ್, ಜ್ವಾಳದ ರಾಶಿ ಮಶೀನ್ ರಿಪೇರಿ ಮಾಡಿದಂವ. ನಮ್ಮ ಸೀಮಿ ಮೆಕ್ಯಾನಿಕ್ಕಿಗೆ ಗ್ರೀಸ್ ಅಂದ್ರ ತುಪ್ಪ ಇದ್ದಂಗ, ಎಲ್ಲಾದರ ಮ್ಯಾಲೂ ಬೇಕು. ಒಮ್ಮೆ ಹೊಸಾ ರಬ್ಬರ್ ಬುಶ್ ಒತ್ತೂದಿತ್ತು, ಏನ್ ಮಾಡಿದ್ರೂ ಹೋಗವಲ್ದು. ನಾ ಚಾ ಕುಡಿಯಾಕ ಹೋಗಿ ಬರೂದ್ರಾಗ ಸಿದ್ದಪ್ಪ ಕೂಡ್ರಿಸಿ, ಕೈ ಒರಸಿಕೋತ ನಿಂತಿದ್ದ. "ನೋಡಲೇ ಚನಬಸೂ, ಒಂದ ಬೊಗಸಿ ಗ್ರೀಸ್ ಹಚ್ಚಿದೆ, ಬೆಣ್ಣ್ಯಾಗ ಚಾಕು ಹೋದಂಗ ಹೋತು!" ನಾನೂ ಶಭಾಷ್ ಅಂದೆ. ಮಶೀನ್ ಯಾವದಿರ್ಲಿ, ಕೆಲಸ ಮುಗದ ಮ್ಯಾಲ ಅದಕ್ಕ ಕುಂಕುಮ ಹಚ್ಚೂದು ಅವನ ರೂಢಿ. ಇದು ನೀರಾಗ ಇರೂದು, ಕುಂಕುಮ ತೊಳದ ಹೊಕ್ಕೈತಿ ಅಂತ ಕೆಂಪ ಎಣ್ಣಿ ಬಣ್ಣದಾಗ ನಡುವಿನ ಹಿತ್ತಾಳಿ ಬುಶ್ಶಿನಿಂದ ಹೊರಗಿನ ಗುಂಬದ ತನಕಾ ಒಂದ ಉದ್ದ ನಾಮ ಎಳದ, ಕೈ ಮುಗದ.

ಆ ಬೋಟನ್ನ ಜೈನಾಪುರಕ್ಕ ಒಯ್ದು ನೀರಿಗೆ ಇಳಿಸಿದ್ವಿ. ನಮ್ಮ ದೇಸಾಯಿ ಸಾಹೇಬ್ರು, ಅಂದ್ರ ಬೋಟ್ ವಿಭಾಗದ ಎಂಜಿನಿಯರ್, ಅವತ್ತ ತಮ್ಮ ಅತ್ತಿಯವರನ್ನ ಕರಕೊಂಡ ಬಂದಿದ್ರು, ತಮ್ಮ ಖಾತೆದ ದರ್ಬಾರ ತೋರಸಾಕ. ಸಾಹೇಬ್ರು ತಾವ ಚಕ್ರ ಹಿಡದು ಎಕ್ಸಲೇಟರ್ ಕೊಟ್ರು. ಎಂಜಿನ್ ಹಂತಾ ಪರಿ ಒದರಿತು, ದಂಡಿಮ್ಯಾಗಿನ ಬೆಳ್ಳಕ್ಕಿ ಎಲ್ಲಾ ಹಾರಿದ್ವು. ಬೋಟ್ ಮಾತ್ರ ಎಮ್ಮಿ ಕುಂತಂಗ ಅಲ್ಲೇ ಕುಂತಿತ್ತು. ಮತ್ತ ಕೊಟ್ರು, ಮತ್ತ ಒದರಿತು. ಅತ್ತಿಯವ್ರು ದಂಡೀಲಿಂದ, "ಅಳಿಯಂದಿರ, ಸಪ್ಪಳ ಭಾಳ ಚಲೋ ಐತ್ರಿ. ಬೋಟ್ ಯಾವಾಗ ಹೊಕ್ಕೈತ್ರಿ?" ಅಂತ ಕೇಳಿದ್ರು. ಸಾಹೇಬ್ರ ಮುಖಾ ಕೆಂಪಗಾತು. ಎಂಜಿನ್ ಹೋತು, ಗೇರ್ ಹೋತು ಅಂತ ತಲಿ ಹಿಡಕೊಂಡ್ರು.

ಪಂಖಾ ಮ್ಯಾಲೆತ್ತಿ ನೋಡಿದ್ರ ಸಿದ್ದಪ್ಪನ ನಾಮ ಎರಡ ತುಂಡ ಆಗಿತ್ತು. ಅರ್ಧಾ ಗೆರಿ ಹಿತ್ತಾಳಿ ಮ್ಯಾಲ ಈ ಕಡೆ, ಅರ್ಧಾ ಗುಂಬದ ಮ್ಯಾಲ ಆ ಕಡೆ. ಒಳಗಿನ ಬುಶ್ ತಿರಗತಿತ್ತು, ಹೊರಗಿನ ಪಂಖಾ ನಿಂತಬಿಟ್ಟಿತ್ತು. ಹಿಡಕೊಂಡ ಇರಬೇಕಾದ ರಬ್ಬರಿಗೆ ಗ್ರೀಸ್ ಹಚ್ಚಿದ್ರ ಅದು ಯಾರನ್ನ ಹಿಡೀತೈತಿ, ಹೇಳ್ರಿ! ಅದಕ್ಕ ಸಾಬಣ ನೀರ ಹಚ್ಚಿ ಒತ್ತಬೇಕು, ಒಣಗಿದ ಮ್ಯಾಲ ಕಚ್ಚಿ ಹಿಡೀತೈತಿ. ಸಿದ್ದಪ್ಪನ್ನ ಎಲ್ಲಾರೂ ಬೈದ್ರು, ಆದ್ರ ಅವನ ಗೆರಿಯನ್ನ ಯಾರೂ ಬಿಡಲಿಲ್ಲ. ಅವತ್ತಿನಿಂದ ವರ್ಕ್‌ಶಾಪಿನ ಪ್ರತಿ ಹಬ್ಬಿಗೂ ಕೆಂಪ ಗೆರಿ ಎಳಿಯೂದು ಕಾಯದೆ ಆತು. ಗೆರಿ ಮುರದಿದ್ರ ಹಬ್ ಜಾರೈತಿ, ಎಂಜಿನ್ ಬಿಚ್ಚೂದ ಬ್ಯಾಡ. ನೀವೂ ಎಳೀರಿ.

ನಾ ರಿಟೈರ್ ಆಗೂ ಮುಂದ ನಮಗ ಒಂದ ಹೊಸಾ ಬೋಟ್ ಬಂತು. ಹಗೂರ ಒಡಲು, ಚೂಪ ಮೂತಿ, ಹಿಂದ ದೊಡ್ಡ ಎಂಜಿನ್. ನೋಡಿದ್ರ ನೀರಿಗೆ ಇಳಿಯೂಕಿಂತ ಮುಂಚೇನ ಓಡಾಕತ್ತಂಗ ಕಾಣತಿತ್ತು. ಆದ್ರ ಅದು ಇನ್ನೂ ನಮ್ಮದಾಗಿರಲಿಲ್ಲ. ಮ್ಯಾಲಿನ ಆಫೀಸಿನವ್ರು ಬಂದು ಎರಡ ಪರೀಕ್ಷಾ ಮಾಡವ್ರಿದ್ರು, ಒಂದು ಖಾಲಿ ಬೋಟಿನ ವೇಗದ್ದು, ಇನ್ನೊಂದು ಭಾರ ಹೇರಿದ್ದು. ಒಂದ್ರಾಗ ಕೆಟ್ರೂ ಬೋಟ್ ಬ್ಯಾರೆ ಜಿಲ್ಲಾಕ್ಕ ಹೊಕ್ಕಿತ್ತು.

ನಮ್ಮೆಲ್ಲಾರಿಗಿಂತ ಹೆಚ್ಚ ಕಳವಳ ಗಂಗವ್ವಗ ಇತ್ತು. ಆಕಿ ಬೋಟಿನ ಡ್ರೈವರ್, ಜೈನಾಪುರದ ಕುರಿಯವರ ಮನಿ ಮಗಳು. ಬ್ಯಾಸಗ್ಯಾಗ ಹಿನ್ನೀರ ಇಳದಾಗ ನಡುವ ಒಂದ ನಡುಗಡ್ಡಿ ತೇಲತೈತಿ, ಹಸರ ಮೇವು ಇರ್ತೈತಿ. ಆಕಿ ಅಣ್ಣ ಮಾಳಪ್ಪ ಕುರಿ ಹೊಡಕೊಂಡ ಅಲ್ಲೇ ಇರ್ತಿದ್ದ. ಹಿಂದೊಮ್ಮೆ ನೀರ ಒಮ್ಮೆಲೆ ಏರಿದಾಗ ನಮ್ಮ ಹಳೇ ಬೋಟ್ ಮುಟ್ಟೂದ್ರಾಗ ತಡಾ ಆತು. ಮಂದಿ ಉಳದ್ರು, ಕುರಿ ಹೋದ್ವು. "ಹರಕೊಂಡ ಹೋಗೂ ಕುರಿ ಒದರಿದ್ದು ಇನ್ನೂ ಕಿವ್ಯಾಗ ಐತಿ ಕಾಕಾ. ಈ ಬೋಟ್ ಬಿಟ್ಟಕೊಡಬ್ಯಾಡ್ರಿ" ಅಂತ ಆಕಿ ನನ್ನ ಕೈ ಹಿಡದ ಹೇಳಿದ್ದಳು.

ದೇಸಾಯಿ ಸಾಹೇಬ್ರಿಗೂ ಬೋಟ್ ಬೇಕಿತ್ತು, ಆದ್ರ ಅವರ ಕಣ್ಣ ವೇಗದ ಪರೀಕ್ಷಾ ಮ್ಯಾಲ. "ಚನಬಸಪ್ಪ, ಸ್ಟೀಲಿನ ಮೂರ ಎಲಿ ಪಂಖಾ, ಹೆಚ್ಚಿನ ಪಿಚ್, ಗಟ್ಟಿ ಹಬ್. ಮುಗೀತು. ರಬ್ಬರ್, ಪ್ಲಾಸ್ಟಿಕ್ ನಡುವ ಯಾಕ ಬೇಕು?" ಅಂದ್ರು.

"ಸಾಹೇಬ್ರ, ಅದು ಪಂದ್ಯದವ್ರಿಗೆ ಸೈ. ಅವರ ನೀರಾಗ ಏನೂ ಇರಂಗಿಲ್ಲ. ನಮ್ಮ ನೀರಾಗ ಇಲ್ಲದ್ದ ಏನೈತ್ರಿ?" ಅಂದೆ.

ಗಂಗವ್ವ ನಡುವ ಬಾಯಿ ಹಾಕಿದಳು. "ಸಾಹೇಬ್ರ, ಈ ನೀರಿನ ಕೆಳಗ ನಮ್ಮ ಹಳೇ ಮನಿ ಐತ್ರಿ. ಗ್ವಾಡಿ ಇನ್ನೂ ನಿಂತಾವ. ಬಾಜೂಕ ಜಾಲಿ ಬೊಡ್ಡಿ, ಬಾವಿ ಕಟ್ಟಿ, ಪಂಪಿನ ಪೈಪ್, ಎಲ್ಲಾ ಅದಾವ. ಗಟ್ಟಿ ಹಬ್ ಹಾಕ್ರಿ, ನಮ್ಮ ಅಡಗಿಮನ್ಯಾಗ ನಿಮ್ಮ ಗೇರ್ ಬಾಕ್ಸ್ ಬಿಟ್ಟ ಬರ್ತೇನಿ."

ಸಾಹೇಬ್ರಿಗೆ ಸಿಟ್ಟ ಬಂತು, ಆದ್ರ ನಗೂನೂ ಬಂತು. ಪ್ಲಾಸ್ಟಿಕ್ ತೋಳಿನ ಹಬ್ಬಿಗೆ ಒಪ್ಪಿದ್ರು. ಪಂಖಾದ ಮಾತಿಗೆ ಮಾತ್ರ ಬಗ್ಗಲಿಲ್ಲ. "ಹಂಗಾರ ಮಾಡಿ ನೋಡೂಣು ಬರ್ರಿ" ಅಂತ ಒಂದಿನ ನಮ್ಮ ಸಿಬ್ಬಂದಿನೆಲ್ಲಾ ಬೋಟಿನ್ಯಾಗ ತುಂಬಿದೆ, ಮ್ಯಾಲ ಉಸುಕಿನ ಚೀಲ. ಸಾಹೇಬ್ರೂ ಹತ್ತಿದ್ರು. ಗಂಗವ್ವ ಎಕ್ಸಲೇಟರ್ ಒತ್ತಿದಳು. ಸ್ಟೀಲ್ ಪಂಖಾದ ಬೋಟ್ ಮೂತಿ ಮ್ಯಾಲ ಮಾಡಿ, ಕುಂಡಿ ನೀರಾಗ ಊರಿ, ಹಂಗ ಉಬ್ಬಸ ಬಿಡಕೋತ ಹೊಂಟಿತು. ನೀರಿನ ಮ್ಯಾಲ ಏರವಲ್ದು. ಸಾಹೇಬ್ರ ಬುತ್ತಿ ಡಬ್ಬಿ ಮುಂದಿನಿಂದ ಜಾರಿ ಹಿಂದ ಸಿದ್ದಪ್ಪನ ತೊಡೀಮ್ಯಾಲ ಬಂದು ಬಿಚ್ಚಿಕೊಂತು. ಅಂವ ದೇವರ ಕೊಟ್ಟಾನ ಅಂತ ಅಲ್ಲೇ ರೊಟ್ಟಿ ಮುರದು ತಿನ್ನಾಕ ಕುಂತ.

ದಂಡಿಗೆ ಬಂದು ನಾಕ ಎಲಿದು, ಕಡಿಮಿ ಪಿಚ್ಚಿನ ಪಂಖಾ ಹಾಕಿದೆ. ನಾಕ ಎಲಿ ನೀರ ಗಟ್ಟಿ ಹಿಡೀತಾವ, ಬೋಟಿನ ಹಿಂಭಾಗ ಎತ್ತತಾವ. ಅದ ಮಂದಿ, ಅದ ಚೀಲ. ಗಂಗವ್ವ ಒತ್ತಿದ ಕೂಡಲೇ ಬೋಟ್ ಮೂತಿ ಇಳಿಸಿ, ನೀರಿನ ಮ್ಯಾಲ ಏರಿ, ಸರ್ರನ ಹೋತು. ಸಾಹೇಬ್ರು ಮೀಟರ್ ನೋಡಿದ್ರು, ನನ್ನ ನೋಡಿದ್ರು. "ಆತಪಾ, ಭಾರಕ್ಕ ಇದ ಸೈ. ಆದ್ರ ಖಾಲಿ ಬೋಟಿನ ವೇಗ ಇದರಾಗ ಬರಂಗಿಲ್ಲಲ್ಲ?" ಅಂದ್ರು. ಅದೂ ಖರೇ ಇತ್ತು, ನಾವು ಅಳತಿ ಮಾಡಿ ನೋಡಿದ್ವಿ, ಸ್ವಲ್ಪದರಾಗ ತಪ್ಪತಿತ್ತು. ಆವಾಗ ಸಾಹೇಬ್ರ ಹೇಳಿದ್ರು: "ಒಂದ ಪಂಖಾದಾಗ ಎರಡೂ ಪರೀಕ್ಷಾ ಮಾಡಬೇಕು ಅಂತ ಎಲ್ಲಿ ಐತಿ? ಒಂದು ಮುಗಿಸಿ ಇನ್ನೊಂದ ಹಾಕೂಣು. ಈ ನಮೂನಿ ಹಬ್ಬಿನ್ಯಾಗ ಬದಲಿ ಮಾಡಾಕ ಎಷ್ಟೊತ್ತ ಬೇಕು?" ಆ ಮನಷ್ಯಾನ ತಲಿ ಚಲೋ ಓಡತಿತ್ತು, ಸುಳ್ಳ ಯಾಕ ಹೇಳಲಿ.

ಪರೀಕ್ಷಾ ದಿನ ಮ್ಯಾಲಿನ ಆಫೀಸಿನವ್ರು ಬಂದ್ರು. ಸ್ಟೀಲ್ ಪಂಖಾದಾಗ ಗಂಗವ್ವ ಬೋಟ್ ಬಿಟ್ಟಳು ನೋಡ್ರಿ, ಹಿಂದ ನೀರಿನ ಗ್ವಾಡಿ ಎದ್ದಂಗ ಎದ್ದಿತು. ವೇಗದ್ದು ಪಾಸ್. ಭಾರದ್ದು ಮಧ್ಯಾಹ್ನದ ಮ್ಯಾಲ ಅಂತ ಹೇಳಿ ಬಂದವ್ರು ಊಟಕ್ಕ ಬಬಲೇಶ್ವರಕ್ಕ ಹೋದ್ರು. ನಾನು ಸಾವಕಾಶ ಪಾನಾ ತೆಗದು ಪಂಖಾ ಬದಲಿ ಮಾಡಾಕ ಕುಂತೆ.

ಅಷ್ಟರಾಗ ಗಂಗವ್ವನ ಫೋನ್ ಹೊಡೀತು. ಮಾಳಪ್ಪನ ಫೋನು. ಮ್ಯಾಲಿನ ಡ್ಯಾಮಿನಿಂದ ನೀರ ಬಿಟ್ಟಾರ, ನಡುಗಡ್ಡಿಗೆ ಹೋಗೂ ಹಾದಿ ಮುಳಗೈತಿ, ಕುರಿ ಎಲ್ಲಾ ಒಂದ ದಿಬ್ಬದ ಮ್ಯಾಲ ನಿಂತಾವ, ದಿಬ್ಬ ಸಣ್ಣದಾಗಾಕತ್ತೈತಿ. ಆಕಿ ಬೋಟಿನ ಹಗ್ಗ ಬಿಚ್ಚಾಕತ್ತಳು. "ಕಾಕಾ, ಲಗೂನ" ಅಂದಳು, ಅಷ್ಟ. ನಾಕ ಎಲಿ ಪಂಖಾ ಕೂಡ್ರಿಸಿ ನಟ್ ಬಿಗದೆ. ಪರೀಕ್ಷಾದ ಬೋಟು, ಊಟಕ್ಕ ಹೋದವ್ರನ್ನ ಕೇಳಬೇಕೇನ್ರಿ ಅಂತ ಸಾಹೇಬ್ರ ಮುಖಾ ನೋಡಿದೆ. ಅವರು ಆಗಲೇ ಬೂಟ್ ಕಳದು ಬೋಟಿನ್ಯಾಗ ಕುಂತಿದ್ರು. "ನೋಡ್ತ ನಿಂತೀಯೇನು, ಹತ್ತಪಾ!"

ನೀರ ಕೆಂಪಗ, ಒಳಗಿಂದೇನೂ ಕಾಣವಲ್ದು. ಗಂಗವ್ವ ಹಾದಿ ಬಲ್ಲಾಕಿ, ಆದ್ರೂ ನಡುಗಡ್ಡಿ ಕಣ್ಣಿಗೆ ಬಿದ್ದಾಗ ವೇಗ ಕಡಿಮಿ ಮಾಡ್ಲಿಲ್ಲ. ಧಡ್ ಅಂತು. ಬೋಟ್ ಜಿಗದ ಬಿತ್ತು. ಎಂಜಿನ್ ಒದರಾಕತ್ತಿತು, ಬೋಟ್ ನಿಂತಿತು. ಆ ಸಪ್ಪಳ ನನಗ ಗುರ್ತ ಇತ್ತು. "ತೋಳ ಮುರದೈತಿ, ಗೇರ್ ಉಳದೈತಿ!" ಅಂತ ಒದರಿದೆ.

ಕೋಲ ಬಿಟ್ಟ ನೋಡಿದ್ರ ಕೆಳಗ ಒಂದ ಅಗಲ ಗ್ವಾಡಿ, ಅದರ ಮ್ಯಾಲ ನಿಂತ್ರ ನೀರ ನಡಾಮಟ. ನಾನೂ ಸಾಹೇಬ್ರೂ ಇಳದ್ವಿ. ಎಂಜಿನ್ ಮ್ಯಾಲೆತ್ತಿ ನಟ್ ಬಿಚ್ಚಿದೆ. ಅದು ನೀರಾಗ ಬಿತ್ತಂದ್ರ ಕತಿ ಮುಗೀತು. "ಸಾಹೇಬ್ರ, ಹಿಡೀರಿ" ಅಂದೆ. ಒಂದ ಕೈಯಾಗ ನಟ್, ಇನ್ನೊಂದ ಕೈಯಾಗ ಪಂಖಾ, ಪಿನ್ ಹಲ್ಲಾಗ ಕಚ್ಚಿ ಹಿಡದು ನಿಂತ್ರು ನಮ್ಮ ಎಂಜಿನಿಯರ್ ಸಾಹೇಬ್ರು. ಹಲ್ಲ ಕಚ್ಚಕೊಂಡ, "ಇಲ್ಲೆ ಮೊಸಳಿ ಅದಾವೇನಪಾ?" ಅಂದ್ರು. "ಅದಾವ್ರಿ. ಆದ್ರ ಅವಕ್ಕ ನಿಮ್ಮ ಹುದ್ದಾ ಗೊತ್ತಿಲ್ಲ, ಗಪ್ಪನ ನಿಂದರ್ರಿ" ಅಂದೆ. ಇಷ್ಟ ವರ್ಷದಾಗ ಸಾಹೇಬ್ರಿಗೆ ಗಪ್ಪನ ನಿಂದರ್ರಿ ಅಂದದ್ದು ಅದೊಂದ ಸಲ.

ದಿಬ್ಬದ ಮ್ಯಾಲಿಂದ ಮಾಳಪ್ಪ ಒದರಿದ: "ಲೇ ಗಂಗೀ, ಏನ್ ಮಾಡಾಕತ್ತೀರಿ ಅಲ್ಲೆ, ಜಳಕಾ?"

"ಬಾಯಿ ಮುಚ್ಚಕೊಂಡ ಕುರಿ ಹಿಡಕೊಂಡ ನಿಂದರೋ ಯಣ್ಣಾ!" ಅಂತ ಆಕೀನೂ ಒದರಿದಳು. ಒದರೂದು, ಕಣ್ಣೀರ ಒರಸೂದು, ಎರಡೂ ಕೂಡೇ ನಡದಿತ್ತು.

ಮುರದ ತೋಳ ಹೊರಗ ಕಿತ್ತು, ಕಿಸೇದಾಗ ಇಟಗೊಂಡಿದ್ದ ಹೊಸಾದ್ದ ತೂರಿಸಿ, ಪಂಖಾ ಹಾಕಿ, ನಟ್ ಬಿಗದು, ಸಾಹೇಬ್ರ ಹಲ್ಲಾಗಿನ ಪಿನ್ ಹಾಕಿ ಮಣಿಸಿದೆ. ಬೋಟ್ ಎದ್ದಿತು. ದಿಬ್ಬ ಮುಟ್ಟೂದ್ರಾಗ ಕುರಿ ಕಾಲಿಗೆ ನೀರ ಹತ್ತಿತ್ತು. ಮಾಳಪ್ಪ ಎತ್ತಿ ಎತ್ತಿ ಕೊಟ್ಟ, ನಾವ ಒಟ್ಟಿದ್ವಿ. ಸಾಹೇಬ್ರ ತೊಡೀಮ್ಯಾಲ ಒಂದ ಟಗರು ಕುಂತಬಿಟ್ಟಿತು. ಭಾರದಾಗ ಬೋಟಿನ ಅಂಚ ನೀರ ಮುಟ್ಟೂವಂಗಿತ್ತು, ನನಗ ಭಾಳ ಹೆದರಿಕಿ ಆತು. ಆದ್ರ ಗಂಗವ್ವ ಒತ್ತಿದ್ದ ತಡ, ಆ ನಾಕ ಎಲಿ ನೀರ ಹಿಡದು ಎಲ್ಲಾನೂ ಮ್ಯಾಲ ಎತ್ತಿದ್ವು. ದಂಡಿಗೆ ಇಳಿಸಿ ಮತ್ತ ಹೋದ್ವಿ, ಮತ್ತ ತಂದ್ವಿ. ಕಡೀಕ ಮಾಳಪ್ಪ ತನ್ನ ನಾಯಿನ್ನ ಬಗಲಾಗ ಹಿಡಕೊಂಡ ಹತ್ತಿದ.

ಕಡೀ ಸಲ ದಂಡಿ ಮುಟ್ಟಿದಾಗ ಊಟಕ್ಕ ಹೋದವ್ರು ವಾಪಸ್ ಬಂದು ನಿಂತಿದ್ರು. ಅವರಾಗ ಹಿರಿಯ ಅಧಿಕಾರಿ, ಮುಖಾ ಗಂಟ ಹಾಕಿಕೊಂಡು, ಬೋಟಿನ್ಯಾಗ ಬಿದ್ದಿದ್ದ ಮುರದ ತೋಳ ಕೈಯಾಗ ಹಿಡದು ನೋಡಿದ್ರು. "ದೇಸಾಯಿ ಅವರೇ, ಮೊದಲನೇ ದಿನವೇ ಹಬ್ ಮುರಿದಿದೆ. ಬೋಟ್ ಫೇಲ್ ಅಂತ ತಿಳ್ಕೊಳ್ಳಲೇನು?" ಅಂದ್ರು. ಗಂಗವ್ವ ಚಕ್ರ ಹಿಡಕೊಂಡ ಹಂಗ ಕುಂತಿದ್ದಳು, ಇಳೀಲಿಲ್ಲ.

ಸಾಹೇಬ್ರು ಮೈಮ್ಯಾಗಿನ ಕುರಿ ಕೂದಲ ಝಾಡಿಸಿಕೋತ ಮುಂದ ಬಂದ್ರು. ಬರೀಗಾಲು, ತೊಯ್ದ ಪ್ಯಾಂಟು. "ಸರ್, ಮುರೀಬೇಕಾದ್ದ ಮುರದೈತಿ. ಉಳೀಬೇಕಾದ್ದೆಲ್ಲಾ ನಿಮ್ಮ ಮುಂದ ದಂಡಿಮ್ಯಾಲ ನಿಂತೈತಿ. ಬೇಕಾದ್ರ ಎಣಸ್ಕೋರಿ" ಅಂದ್ರು.

ಆ ಅಧಿಕಾರಿ ಕುರಿ ಹಿಂಡಿನ ಕಡೆ ಹೊಳ್ಳಿ, ಖರೇನ ಎಣಸಾಕ ಕೈಬಟ್ಟ ಎತ್ತಿದ್ರು.

"ನಾ ಎಣಿಸೇನ್ರಿ" ಅಂದಳು ಗಂಗವ್ವ ಬೋಟಿನ್ಯಾಗಿಂದ. "ಈ ಸಲ ಒಂದೂ ಕಮ್ಮಿ ಇಲ್ರಿ."

ಅಧಿಕಾರಿ ಎತ್ತಿದ ಕೈ ಇಳಿಸಿ, ಭಾರದ್ದೂ ಪಾಸ್ ಅಂತ ಬರಕೊಂಡ್ರು. ಬೋಟ್ ಜೈನಾಪುರದಾಗ ಉಳೀತು.